ಗ್ಯಾಸ್ ತಪಾಸಣೆ ಹೆಸರಿಗೆ ಮಾತ್ರ ನಡೆದರೆ: ಬಾಡಿಗೆ ಮನೆಯ ಸಹೋದರಿಯರಿಗೆ ಒಂದು ಪಾಠ



ಒಮ್ಮೆ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ಇನ್ನೇನು ಸಭೆ ಮುಗಿಯಬೇಕು ಅನ್ನುವಾಗ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಸದಸ್ಯೆ ಮೆಲ್ಲಗೆ ಹೇಳಿದರು: "ಸಿಸ್ಟರ್, ಮೊನ್ನೆ ಗ್ಯಾಸ್ ಚೆಕ್ ಮಾಡೋಕೆ ಅಂತ ಒಬ್ರು ಬಂದಿದ್ರು. ಅವರು ಬಂದು ಹೋದ ಮೇಲೆ ಅಡುಗೆಮನೇಲಿ ವಾಸನೆ ಶುರುವಾಗಿದೆ."

ಕೇಳುತ್ತಾ ಹೋದಂತೆ ವಿಷಯ ಹೊರಬಂತು. ಆಕೆ ಇರುವುದು ನಾಲ್ಕು ಮನೆಗಳ ಒಂದು ವಠಾರದಲ್ಲಿ. ಬಂದವನು ಹೊಸ್ತಿಲ ಹೊರಗೇ ನಿಂತಿದ್ದ, ಕಾಲಿನ ಚಪ್ಪಲಿ ಸಹ ಬಿಚ್ಚಲಿಲ್ಲ. ಗ್ಯಾಸ್ ಪುಸ್ತಕ ಕೇಳಿದ, ಒಂದು ಕಾಗದದಲ್ಲಿ ಸರಸರ ಗುರುತು ಹಾಕಿದ, "ಇಲ್ಲೊಂದು ಸೈನ್ ಹಾಕಮ್ಮಾ" ಅಂದ. ಹೊಸ ಟ್ಯೂಬ್ ಒಂದನ್ನು ಕೈಗೆ ಕೊಟ್ಟು ಹಣ ತೆಗೆದುಕೊಂಡ. "ಇದನ್ನ ಹಾಕಿ ಕೊಡಲ್ವಾ?" ಅಂತ ಕೇಳಿದರೆ, "ನಿಮ್ಮ ಯಜಮಾನ್ರು ಹಾಕ್ತಾರೆ ಬಿಡಿ" ಅಂದು ಪಕ್ಕದ ಮನೆಗೆ ನಡೆದ. ಸಂಜೆ ಗಂಡ ಕೆಲಸದಿಂದ ಬಂದು ಹಳೆಯ ಟ್ಯೂಬ್ ಎಳೆದು ಹೊಸದನ್ನು ಸಿಕ್ಕಿಸಿದರು. ಅವತ್ತು ರಾತ್ರಿಯಿಂದ ವಾಸನೆ.

ಏಜೆನ್ಸಿಗೆ ಹೋದರೆ "ಎಲ್ಲಾ ಸರಿ ಇದೆ ಅಂತ ನೀವೇ ಸಹಿ ಹಾಕಿದ್ದೀರಲ್ಲಮ್ಮಾ" ಅಂದರಂತೆ. ಮನೆ ಮಾಲೀಕರನ್ನು ಕೇಳಿದರೆ "ಗ್ಯಾಸ್ ಉರಿಸೋದು ನೀವು, ನನಗೇನು ಸಂಬಂಧ?" ಅಂದರಂತೆ. ಆದರೆ ಗ್ಯಾಸ್ ಪುಸ್ತಕದಲ್ಲಿ ಇದ್ದದ್ದು ಮಾಲೀಕರ ಹೆಸರೇ. ಹೆಚ್ಚು ಮಾತಾಡಿದರೆ ಮನೆ ಖಾಲಿ ಮಾಡಿಸಿಬಿಟ್ಟಾರು ಎಂಬ ಹೆದರಿಕೆ ಬೇರೆ. ಹಾಗಾಗಿ ಆಕೆ ಕಿಟಕಿ ತೆರೆದಿಟ್ಟುಕೊಂಡು ಅದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು.

ಸಹೋದರಿಯರೇ, ಬಾಡಿಗೆ ಮನೆಯಲ್ಲಿರುವ ನಮ್ಮಲ್ಲಿ ಅನೇಕರ ಪಾಡು ಇದೇ. ಇಂದಿನ ಪಾಠದ ಸಾರ ಇಷ್ಟು: ಸರಿಯಾಗಿ ನಡೆಯದ ತಪಾಸಣೆಗೆ ನಮ್ಮ ಸಹಿ ಬಿದ್ದಿದ್ದರೂ ಅದನ್ನು ಮತ್ತೆ ಮಾಡಿಸಿಕೊಳ್ಳುವ ಹಕ್ಕು ನಮಗಿದೆ. ಆದರೆ ಬಾಯಿಮಾತು ಸಾಲದು, ಬರವಣಿಗೆ ಬೇಕು. ಒಬ್ಬರೇ ಹೋದರೆ ಸಾಲದು, ಸಂಘ ಜೊತೆಗೆ ಹೋಗಬೇಕು.

1. ಮೊದಲು ಜೀವ, ಆಮೇಲೆ ಜಗಳ

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಕೆಟ್ಟ ವಾಸನೆಯ ವಸ್ತುವನ್ನು ಸೇರಿಸಿರುತ್ತಾರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗದೆ ನೆಲದ ಮೇಲೆ, ಕಟ್ಟೆಯ ಕೆಳಗೆ, ಮೋರಿಯ ಬಳಿ ನಿಲ್ಲುತ್ತದೆ. ಆದ್ದರಿಂದ ಬರೀ ಮೇಲಿನ ಕಿಟಕಿ ತೆರೆದರೆ ಸಾಕಾಗುವುದಿಲ್ಲ. ಬಾಗಿಲನ್ನೂ ಪೂರ್ತಿ ತೆರೆಯಬೇಕು.

ವಾಸನೆ ಬಂದ ಕೂಡಲೇ:

- ಒಲೆಯ ಉರಿ ಆರಿಸಿ. ದೇವರ ದೀಪ, ಊದುಕಡ್ಡಿ, ಸೊಳ್ಳೆ ಬತ್ತಿ ಎಲ್ಲವನ್ನೂ ಆರಿಸಿ.
- ರೆಗ್ಯುಲೇಟರ್ ಬಂದ್ ಮಾಡಿ. ಆಮೇಲೂ ವಾಸನೆ ಬಂದರೆ ರೆಗ್ಯುಲೇಟರ್ ತೆಗೆದು, ಸಿಲಿಂಡರಿಗೆ ದಾರದಲ್ಲಿ ಕಟ್ಟಿರುವ ಮುಚ್ಚಳವನ್ನು ಒತ್ತಿ ಹಾಕಿ. ಆ ಮುಚ್ಚಳವನ್ನು ಯಾವತ್ತೂ ಕಿತ್ತು ಬಿಸಾಡಬೇಡಿ.
- ಲೈಟು, ಫ್ಯಾನು, ಮಿಕ್ಸಿ, ಫ್ರಿಜ್ಜು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಆರಿಸುವಾಗಲೂ ಕಿಡಿ ಹಾರುತ್ತದೆ.
- ಮಕ್ಕಳನ್ನು, ವಯಸ್ಸಾದವರನ್ನು ಮೊದಲು ಹೊರಗೆ ಕಳಿಸಿ. ಪಕ್ಕದ ಮನೆಯವರಿಗೂ ತಿಳಿಸಿ. ವಠಾರದಲ್ಲಿ ಗೋಡೆ ಒಂದೇ, ಅಪಾಯವೂ ಒಂದೇ.
- ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಇದು ಅಡುಗೆ ಅನಿಲ ಸೋರಿಕೆಗೆಂದೇ ಇರುವ ತುರ್ತು ಸಂಖ್ಯೆ. ಹಗಲು ರಾತ್ರಿ ಕೆಲಸ ಮಾಡುತ್ತದೆ, ಮೂರೂ ಕಂಪೆನಿಗಳ ಸಿಲಿಂಡರಿಗೆ ಇದೊಂದೇ ಸಂಖ್ಯೆ. ಬೆಂಕಿ ಹತ್ತಿದ್ದರೆ 112ಕ್ಕೆ ಮಾಡಿ.
- ಸೋರಿಕೆ ಎಲ್ಲಿ ಎಂದು ಬೆಂಕಿಕಡ್ಡಿ ಗೀರಿ ನೋಡುವುದು ಆತ್ಮಹತ್ಯೆಗೆ ಸಮ.

ದುರಸ್ತಿ ಆಗುವವರೆಗೆ ಆ ಒಲೆಯಲ್ಲಿ ಅಡುಗೆ ಬೇಡ. "ಒಂದು ಹೊತ್ತಿನ ಅನ್ನ ಅಷ್ಟೇ ಅಲ್ವಾ ಸಿಸ್ಟರ್" ಅನ್ನುತ್ತೀರಿ. ಒಂದು ಹೊತ್ತಿನ ಅನ್ನ ಪಕ್ಕದ ಮನೆಯಲ್ಲೂ ಸಿಗುತ್ತದೆ.

2. ಸರಿಯಾದ ತಪಾಸಣೆ ಎಂದರೆ ಏನು?

ಗೃಹಬಳಕೆಯ ಸಂಪರ್ಕಕ್ಕೆ 5 ವರ್ಷಕ್ಕೊಮ್ಮೆ ಏಜೆನ್ಸಿಯವರು ಕಡ್ಡಾಯ ತಪಾಸಣೆ ಮಾಡಬೇಕು. ಇದಕ್ಕೆ ನಿಗದಿಯಾದ ಶುಲ್ಕ ಇದೆ. ಇದಲ್ಲದೆ ಸಿಲಿಂಡರ್ ತರುವ ಹುಡುಗರೇ ಮಾಡುವ ಮೂಲ ಸುರಕ್ಷತಾ ತಪಾಸಣೆಯೂ ಇದೆ, ಅದು ಉಚಿತ. ಬಂದವರು ಯಾವ ತಪಾಸಣೆಗೆ ಬಂದಿದ್ದಾರೆ ಎಂದು ಮೊದಲು ಕೇಳಿ. ಗುರುತಿನ ಚೀಟಿ ತೋರಿಸಲು ಹೇಳಿ. ಅನುಮಾನ ಬಂದರೆ ಗ್ಯಾಸ್ ಪುಸ್ತಕದಲ್ಲಿ ಇರುವ ಏಜೆನ್ಸಿಯ ಫೋನ್ ಸಂಖ್ಯೆಗೆ ಮಾಡಿ, "ನೀವು ಕಳಿಸಿದ್ದೀರಾ?" ಎಂದು ಕೇಳಿ. ಬಂದವನು ಕೊಡುವ ಸಂಖ್ಯೆಗೆ ಮಾಡಬೇಡಿ. ಕಂಪೆನಿಯ ಹೆಸರು ಹೇಳಿ ಟ್ಯೂಬ್ ಮಾರಿ ಹೋಗುವ ಮೋಸಗಾರರೂ ಇದ್ದಾರೆ.

ತಪಾಸಣೆಗೆ ಬಂದವರು ಅಡುಗೆಮನೆ ಒಳಗೆ ಬಂದು ಇಷ್ಟನ್ನಾದರೂ ನೋಡಬೇಕು:

- ಸಿಲಿಂಡರ್ ನೆಟ್ಟಗೆ ನಿಂತಿದೆಯೇ, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿದೆಯೇ, ಗಾಳಿ ಆಡಲು ದಾರಿ ಇದೆಯೇ.
- ಟ್ಯೂಬಿಗೆ ಐ.ಎಸ್.ಐ. ಗುರುತು ಇದೆಯೇ, ಅದರ ಮೇಲೆ ಅಚ್ಚಾದ ದಿನಾಂಕ ಮುಗಿದಿದೆಯೇ. ಸುರಕ್ಷಾ ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಒಂದೂವರೆ ಮೀಟರಿಗಿಂತ ಉದ್ದ ಇರಬಾರದು, ನಡುವೆ ಜೋಡಣೆ ಇರಬಾರದು, ಗೋಡೆಯ ತೂತಿನೊಳಗೆ ಹಾಯಬಾರದು.
- ಸಿಲಿಂಡರ್ ವಾಲ್ವಿನ ಒಳಗಿನ ರಬ್ಬರ್ ರಿಂಗ್ ಸರಿ ಇದೆಯೇ, ರೆಗ್ಯುಲೇಟರ್ ಗಟ್ಟಿಯಾಗಿ ಕೂರುತ್ತದೆಯೇ.
- ಒಲೆಯ ಎರಡೂ ತಿರುಪುಗಳು ಸರಿಯಾಗಿ ಮುಚ್ಚುತ್ತವೆಯೇ, ಉರಿ ನೀಲಿಯಾಗಿದೆಯೇ.
- ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುವುದು. ಗುಳ್ಳೆ ಬಂದ ಕಡೆ ಸೋರಿಕೆ ಇದೆ ಎಂದರ್ಥ.

ಇಷ್ಟಾದ ಮೇಲೆ ವರದಿ ಓದಿಸಿಕೊಂಡು ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಹಣ ಕೊಟ್ಟರೆ ಏಜೆನ್ಸಿಯ ಹೆಸರಿರುವ ರಸೀದಿ ಕೇಳಿ ಪಡೆಯಿರಿ. ಮೊಬೈಲಿಗೆ ಬಂದ ಓಟಿಪಿ ಕೇಳಿದರೆ, ಅದೂ ಒಂದು ಸಹಿಯೇ ಎಂದು ತಿಳಿಯಿರಿ. ಕೆಲಸ ಮುಗಿಯುವ ಮುಂಚೆ ಹೇಳಬೇಡಿ.

ಸಂಘದಲ್ಲಿ ಲೆಕ್ಕ ನೋಡದೆ ನಡಾವಳಿ ಪುಸ್ತಕಕ್ಕೆ ಸಹಿ ಹಾಕುತ್ತೇವೆಯೇ? ಇಲ್ಲ. ಜೀವದ ವಿಷಯದಲ್ಲಿ ಮಾತ್ರ ಯಾಕೆ ಹೊಸ್ತಿಲಲ್ಲೇ ಸಹಿ?

3. ಯಾವುದು ಯಾರ ಜವಾಬ್ದಾರಿ?

ಏಜೆನ್ಸಿಯವರು ಮಾಲೀಕರ ಕಡೆ ಬೆರಳು ತೋರಿಸುತ್ತಾರೆ, ಮಾಲೀಕರು ನಮ್ಮ ಕಡೆ. ನಡುವೆ ನಾವು. ಆದ್ದರಿಂದ ಇದನ್ನು ಬಿಡಿಸಿ ನೋಡೋಣ.

ಸಿಲಿಂಡರ್ ಮತ್ತು ರೆಗ್ಯುಲೇಟರ್ ಕಂಪೆನಿಯ ಸೊತ್ತು. ಡಿಪಾಸಿಟ್ ಕಟ್ಟಿ ಬಳಸಲು ಪಡೆದಿರುವುದು ಅಷ್ಟೇ. ಅವುಗಳ ದೋಷಕ್ಕೂ, ತಪಾಸಣೆ ಸರಿಯಾಗಿ ನಡೆಯದಿದ್ದಕ್ಕೂ ಏಜೆನ್ಸಿಯೇ ಉತ್ತರ ಕೊಡಬೇಕು.

ಒಲೆ ಮತ್ತು ಟ್ಯೂಬ್ ಬಳಸುವವರದ್ದು. ಸಮಯಕ್ಕೆ ಸರಿಯಾಗಿ ಬದಲಿಸುವುದು ನಮ್ಮ ಕೆಲಸ. ರಿಪೇರಿಯನ್ನು ಬೀದಿಯಲ್ಲಿ ಸಿಕ್ಕವರ ಕೈಯಲ್ಲಿ ಮಾಡಿಸಬಾರದು.

ಅಡುಗೆಮನೆಯ ಕಿಟಕಿ, ಕಟ್ಟೆ, ಗೋಡೆ, ವಿದ್ಯುತ್ ತಂತಿ, ಮಾಲೀಕರೇ ಹಾಕಿಸಿಕೊಟ್ಟ ಗ್ಯಾಸ್ ಗೀಸರ್ ಇವೆಲ್ಲ ಮಾಲೀಕರಿಗೆ ಸೇರಿದ್ದು. ತಪಾಸಣೆಯಲ್ಲಿ "ಗಾಳಿ ಆಡುವುದಿಲ್ಲ" ಎಂದು ಬರೆದರೆ ಆ ಕಾಗದದ ಪ್ರತಿಯನ್ನು ಚೀಟಿಯ ಜೊತೆ ಮಾಲೀಕರಿಗೆ ಕೊಡಿ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು ಎಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಂ ಹೇಳುತ್ತದೆ. ಆದರೆ ವಕೀಲರನ್ನು ಕೇಳದೆ ಬಾಡಿಗೆ ಹಿಡಿದುಕೊಳ್ಳಬೇಡಿ. ಕರಾರು ಪತ್ರದಲ್ಲಿ ಬೇರೆ ಮಾತು ಬರೆದಿರಬಹುದು. ವಕೀಲರಿಗೆ ದುಡ್ಡೆಲ್ಲಿಂದ ತರೋಣ ಎನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿ ನಿಮ್ಮ ತಾಲೂಕಿನ ನ್ಯಾಯಾಲಯದಲ್ಲೇ ಇದೆ. ಫೋನ್ ಸಂಖ್ಯೆ 15100. "ಮನೆ ಖಾಲಿ ಮಾಡಿ" ಎಂದು ಹೆದರಿಸಿದಾಗಲೂ ಇಲ್ಲಿಗೇ ಹೋಗಿ.

4. ದೂರು ಬರೆಯುವುದು ಹೇಗೆ?

ಏಜೆನ್ಸಿಯಲ್ಲಿ ನಿಂತು ಜೋರಾಗಿ ಮಾತಾಡಿದರೆ ಅದು ಗಾಳಿಗೆ ಹೋಯಿತು. ಕಾಗದದಲ್ಲಿ ಕೊಟ್ಟರೆ ಉಳಿಯಿತು. ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಏಜೆನ್ಸಿಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮಾದರಿ ಇಲ್ಲಿದೆ:

"ಇವರಿಗೆ: ವ್ಯವಸ್ಥಾಪಕರು, ........ ಗ್ಯಾಸ್ ಏಜೆನ್ಸಿ
ವಿಷಯ: ಸುರಕ್ಷತಾ ತಪಾಸಣೆ ಸರಿಯಾಗಿ ನಡೆಯದಿರುವ ಬಗ್ಗೆ
ಮಾನ್ಯರೇ, ನಾನು ........ ವಿಳಾಸದ ಬಾಡಿಗೆ ಮನೆಯಲ್ಲಿ ವಾಸವಾಗಿದ್ದೇನೆ. ಗ್ರಾಹಕ ಸಂಖ್ಯೆ ........, ಸಂಪರ್ಕ ........ ಅವರ ಹೆಸರಿನಲ್ಲಿದೆ. ........ ದಿನಾಂಕದಂದು ನಿಮ್ಮ ಏಜೆನ್ಸಿಯವರೆಂದು ಹೇಳಿ ಬಂದವರು ಅಡುಗೆಮನೆಯ ಒಳಗೆ ಬರಲಿಲ್ಲ. ಸೋರಿಕೆ ಪರೀಕ್ಷೆ ಮಾಡಲಿಲ್ಲ. ಟ್ಯೂಬ್ ಜೋಡಿಸಿ ಕೊಡಲಿಲ್ಲ. ರೂ. ........ ಪಡೆದರು. ರಸೀದಿ ಕೊಟ್ಟಿದ್ದಾರೆ / ಕೊಟ್ಟಿಲ್ಲ. ಅವರು ಹೇಳಿದಂತೆ ಕಾಗದಕ್ಕೆ ಸಹಿ ಹಾಕಿದ್ದೇನೆ. ಆದರೆ ಅದರಲ್ಲಿ ಬರೆದ ತಪಾಸಣೆ ನಡೆದಿಲ್ಲ. ಈಗ ಅನಿಲದ ವಾಸನೆ ಬರುತ್ತಿದೆ. ಆದ್ದರಿಂದ (1) ಕೂಡಲೇ ತರಬೇತಿ ಪಡೆದ ಮೆಕ್ಯಾನಿಕ್ ಅವರನ್ನು ಕಳಿಸಿ ಮತ್ತೆ ತಪಾಸಣೆ ಮಾಡಿಸಬೇಕು, (2) ಹಿಂದಿನ ವರದಿ ರದ್ದು ಮಾಡಿ ಹೊಸ ವರದಿಯ ಪ್ರತಿ ಕೊಡಬೇಕು, (3) ಪಡೆದ ಹಣಕ್ಕೆ ರಸೀದಿ ಕೊಡಬೇಕು, ಇಲ್ಲವೇ ಹಣ ವಾಪಸ್ ಮಾಡಬೇಕು ಎಂದು ಕೋರುತ್ತೇನೆ."

ಬರೆಯಲು ಬಾರದ ಸಹೋದರಿಗೆ ಸಂಘದ ಪ್ರತಿನಿಧಿ ಬರೆದು ಓದಿ ಹೇಳಬೇಕು. ಕಂಡದ್ದನ್ನು ಮಾತ್ರ ಬರೆಯಿರಿ, ಹೆಚ್ಚು ಸೇರಿಸಬೇಡಿ. ಹಳೆಯ ಟ್ಯೂಬ್ ಎಸೆಯಬೇಡಿ. ಅದೂ ಒಂದು ಸಾಕ್ಷಿ.

5. ಏಜೆನ್ಸಿ ಕೇಳದಿದ್ದರೆ?

ಮೊದಲು ಕಂಪೆನಿಯ ಗ್ರಾಹಕ ಸೇವೆಗೆ ದೂರು ಕೊಡಿ. ಉಚಿತ ಸಂಖ್ಯೆ 1800 2333 555. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಿಷಯಕ್ಕೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕು ಎಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

"ಸಂಪರ್ಕ ಮಾಲೀಕರ ಹೆಸರಲ್ಲಿದೆ, ನಾನು ಹೇಗೆ ಗ್ರಾಹಕಳು?" ಎಂಬ ಪ್ರಶ್ನೆ ಬರುತ್ತದೆ. ಹಣ ಕೊಟ್ಟವರ ಒಪ್ಪಿಗೆಯಿಂದ ಆ ವಸ್ತುವನ್ನು ಅಥವಾ ಸೇವೆಯನ್ನು ಬಳಸುವವರೂ ಗ್ರಾಹಕರೇ ಎಂದು ಈ ಕಾಯಿದೆಯೇ ಹೇಳುತ್ತದೆ. ಆದ್ದರಿಂದ ಮಾಲೀಕರು ಒಪ್ಪಿ ಕೊಟ್ಟ ಸಂಪರ್ಕ ಎಂಬುದಕ್ಕೆ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಆ ಒಂದು ಸಾಲು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

6. ನಿಮ್ಮ ಗ್ಯಾಸ್ ಪುಸ್ತಕದಲ್ಲಿ ಯಾವ ವಿಳಾಸ ಇದೆ?

ಇದು ಬಾಡಿಗೆದಾರರು ಮರೆಯುವ, ಆದರೆ ಮರೆಯಬಾರದ ವಿಷಯ. ತೈಲ ಕಂಪೆನಿಗಳು ಅಡುಗೆ ಅನಿಲದ ಅಪಘಾತಗಳಿಗೆ ವಿಮೆ ಮಾಡಿಸಿರುತ್ತವೆ. ನಾವು ಬೇರೆ ಕಂತು ಕಟ್ಟಬೇಕಿಲ್ಲ. ಅನಿಲವೇ ಅಪಘಾತಕ್ಕೆ ಮೂಲ ಕಾರಣವಾಗಿದ್ದು ಸಾವು ಸಂಭವಿಸಿದರೆ ಒಬ್ಬರಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಒಂದು ಅಪಘಾತಕ್ಕೆ ಒಟ್ಟು 30 ಲಕ್ಷದವರೆಗೆ ಸಿಗಬಹುದು. ಮನೆ, ಸಾಮಾನು ಸುಟ್ಟ ನಷ್ಟಕ್ಕೆ 2 ಲಕ್ಷದವರೆಗೆ ಇದೆ. ಆದರೆ ಈ ಆಸ್ತಿ ನಷ್ಟದ ಪರಿಹಾರ ಗ್ರಾಹಕರ ನೋಂದಾಯಿತ ವಿಳಾಸದಲ್ಲಿ ಅಪಘಾತ ಆದರೆ ಮಾತ್ರ.

ಈಗ ಯೋಚಿಸಿ. ಮೂರು ಮನೆ ಬದಲಿಸಿದ್ದೀರಿ, ಪುಸ್ತಕದಲ್ಲಿ ಮೊದಲ ಮನೆಯ ವಿಳಾಸವೇ ಇದೆ. ಹೊಲಿಗೆ ಯಂತ್ರ, ಸಂಘದ ಸಾಲದಲ್ಲಿ ತಂದ ಗ್ರೈಂಡರ್ ಎಲ್ಲ ಸುಟ್ಟರೆ? ಸಾಲದ ಕಂತು ಉಳಿಯುತ್ತದೆ, ಪರಿಹಾರ ಬರುವುದಿಲ್ಲ. ಅಷ್ಟೇ ಅಲ್ಲ, ತಪಾಸಣೆಯವರು ಹಳೆಯ ವಿಳಾಸಕ್ಕೇ ಹೋಗುತ್ತಾರೆ.

ಆದ್ದರಿಂದ ಮನೆ ಬದಲಿಸಿದ ಕೂಡಲೇ ಏಜೆನ್ಸಿಗೆ ವಿಳಾಸ ಬದಲಾವಣೆ ತಿಳಿಸಿ. ಬೇರೆ ಊರಿಗೆ ಹೋಗುವುದಾದರೆ ವರ್ಗಾವಣೆ ಪತ್ರ ಪಡೆದುಕೊಳ್ಳಿ. ಬಾಡಿಗೆ ಕರಾರು ಪತ್ರವೂ ವಿಳಾಸದ ದಾಖಲೆಯಾಗಿ ನಡೆಯುತ್ತದೆ. ಉಜ್ವಲಾ 2.0 ಯೋಜನೆ 2021ರಲ್ಲಿ ಬಂದಾಗ, ವಲಸೆ ಬಂದ ಕುಟುಂಬಗಳಿಗೆ ವಿಳಾಸದ ದಾಖಲೆಯ ಬದಲು ಸ್ವಯಂ ಘೋಷಣೆ ಸಾಕು ಎಂದು ಮಾಡಲಾಯಿತು. ಆದಷ್ಟು ಮಟ್ಟಿಗೆ ಸಂಪರ್ಕ ನಿಮ್ಮದೇ ಹೆಸರಿನಲ್ಲಿ, ನೀವು ಇರುವ ವಿಳಾಸದಲ್ಲೇ ಇರಲಿ.

ಅಪಘಾತ ಆದರೆ ಕೂಡಲೇ ಏಜೆನ್ಸಿಗೂ ಪೊಲೀಸ್ ಠಾಣೆಗೂ ಬರವಣಿಗೆಯಲ್ಲಿ ತಿಳಿಸಿ. ಆಸ್ಪತ್ರೆಯ ಬಿಲ್ಲು, ಡಿಸ್ಚಾರ್ಜ್ ಚೀಟಿ, ಪೊಲೀಸ್ ವರದಿ ಜೋಪಾನ ಮಾಡಿ. ವಿಮೆ ಹಣಕ್ಕೆ ಏಜೆನ್ಸಿಯ ಮೂಲಕವೇ ಮುಂದುವರಿಯಬೇಕು.

7. ವಾಸನೆ ಇಲ್ಲದ ಅಪಾಯ: ಗ್ಯಾಸ್ ಗೀಸರ್

ಕೆಲವು ಬಾಡಿಗೆ ಮನೆಗಳಲ್ಲಿ ಬಚ್ಚಲುಮನೆಯ ಒಳಗೇ ಗ್ಯಾಸ್ ಗೀಸರ್ ಹಾಕಿರುತ್ತಾರೆ. ಗಾಳಿ ಇಲ್ಲದ ಕಡೆ ಅನಿಲ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆ ಸುತ್ತು, ವಾಂತಿ ಬಂದು ಸ್ನಾನ ಮಾಡುತ್ತಿದ್ದವರು ಅಲ್ಲೇ ಬೀಳುತ್ತಾರೆ. ನಮ್ಮ ರಾಜ್ಯದಲ್ಲೂ ಇಂಥ ಸಾವುಗಳಾಗಿವೆ. ತಪಾಸಣೆಯವರು ಒಲೆ ನೋಡಿ ಹೊರಟುಬಿಡಬಹುದು. "ಗೀಸರ್ ಇದೆ, ಅದನ್ನೂ ನೋಡಿ" ಎಂದು ನೀವೇ ಹೇಳಿ. ಗೀಸರನ್ನು ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಹಾಕಿಸಲು ಮಾಲೀಕರಿಗೆ ಬರೆದು ಕೊಡಿ. ಅಲ್ಲಿಯವರೆಗೆ ಬಕೆಟಿನಲ್ಲಿ ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿ ಆಡಿಸಿದ ಮೇಲೆ ಸ್ನಾನಕ್ಕೆ ಹೋಗಿ. ಯಾರಾದರೂ ಬಿದ್ದರೆ ತಕ್ಷಣ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ. ಗ್ಯಾಸ್ ಗೀಸರ್ ಇತ್ತು ಎಂದು ವೈದ್ಯರಿಗೆ ಹೇಳಲು ಮರೆಯಬೇಡಿ.

ಆ ಸಹೋದರಿಗೆ ಏನಾಯಿತು?

ಸಭೆಯಿಂದಲೇ 1906ಕ್ಕೆ ಫೋನ್ ಮಾಡಿಸಿದೆವು. ರೆಗ್ಯುಲೇಟರ್ ತೆಗೆಸಿ ಮುಚ್ಚಳ ಹಾಕಿಸಿದೆವು. ಸೋರಿಕೆಗೆ ಬಂದವರು ಸಿಲಿಂಡರ್ ಬದಲಿಸಿ ಹೋದರು. ವಾಲ್ವಿನ ಒಳಗಿನ ರಬ್ಬರ್ ರಿಂಗ್ ಹರಿದಿತ್ತು, ಟ್ಯೂಬ್ ಸಹ ಪೂರ್ತಿ ಒಳಗೆ ಕೂತಿರಲಿಲ್ಲ. ಸೋರಿಕೆ ನಿಂತಿತು. ಆದರೆ "ಎಲ್ಲಾ ಸರಿ ಇದೆ" ಎಂಬ ಸುಳ್ಳು ವರದಿ ಹಾಗೇ ಇತ್ತು. ಮರುದಿನ ಸಂಘದ ಮೂವರು ಜೊತೆಗೆ ಹೋಗಿ ದೂರು ಬರೆದು ಕೊಟ್ಟು ಸೀಲು ಹಾಕಿಸಿಕೊಂಡರು. "ಸಹಿ ಇದೆಯಲ್ಲ" ಅಂದವರಿಗೆ ನಮ್ಮ ಪ್ರತಿನಿಧಿ ಹೇಳಿದ್ದು ಒಂದೇ ಮಾತು: "ಸಹಿ ಇದೆ ಸಾರ್, ತಪಾಸಣೆ ಎಲ್ಲಿದೆ?" ನಾಲ್ಕು ದಿನದಲ್ಲಿ ಮೆಕ್ಯಾನಿಕ್ ಬಂದು ಆ ವಠಾರದ ನಾಲ್ಕೂ ಮನೆಗಳನ್ನು ನೋಡಿದರು. ಇನ್ನೊಂದು ಮನೆಯಲ್ಲೂ ಒಲೆಯ ತಿರುಪು ಸೋರುತ್ತಿತ್ತು, ಆ ಮನೆಯವರಿಗೆ ಗೊತ್ತೇ ಇರಲಿಲ್ಲ.

ಕೊಟ್ಟ ಹಣ ವಾಪಸ್ ಬರಲಿಲ್ಲ, ಏಕೆಂದರೆ ರಸೀದಿ ಇರಲಿಲ್ಲ. ಇದೂ ಒಂದು ಪಾಠವೇ. ಮಾಲೀಕರು ಮೊದಲು ಮುಖ ತಿರುಗಿಸಿದರೂ, ಬೆಂಕಿ ಬಿದ್ದರೆ ಹೋಗುವುದು ತಮ್ಮ ಕಟ್ಟಡವೇ ಎಂದು ತಿಳಿದ ಮೇಲೆ ಅಡುಗೆಮನೆಗೆ ಕೆಳಗಡೆ ಒಂದು ಜಾಲರಿ ಇಡಿಸಿಕೊಟ್ಟರು. ಆ ಸಹೋದರಿ ಈಗ ಕರಾರು ಪತ್ರ ಕೊಟ್ಟು ತನ್ನದೇ ಹೆಸರಿನಲ್ಲಿ ಸಂಪರ್ಕ ಪಡೆದಿದ್ದಾರೆ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಬಾಡಿಗೆ ಮನೆಯವರು ಎಷ್ಟು ಮಂದಿ? ಅವರ ಗ್ಯಾಸ್ ಪುಸ್ತಕದಲ್ಲಿ ಯಾರ ಹೆಸರು, ಯಾವ ವಿಳಾಸ ಇದೆ?
2. ಕೊನೆಯ ತಪಾಸಣೆ ಯಾವಾಗ ಆಯಿತು? ಬಂದವರು ಅಡುಗೆಮನೆ ಒಳಗೆ ಬಂದರೇ? ವರದಿಯ ಪ್ರತಿ ಯಾರ ಬಳಿ ಇದೆ?
3. ಮಾಲೀಕರ ಹೆದರಿಕೆಯಿಂದ ನಾವು ಸುಮ್ಮನಾದ ಸಂದರ್ಭ ಯಾವುದು? ಆಗ ಸಂಘ ಏನು ಮಾಡಬಹುದಿತ್ತು?

ಈ ವಾರದ ಕೆಲಸ

ಪ್ರತಿ ಸದಸ್ಯೆ ತನ್ನ ಮನೆಯ ಟ್ಯೂಬಿನ ಮೇಲಿನ ದಿನಾಂಕ ಓದಿ ಬರೆದುಕೊಂಡು ಮುಂದಿನ ಸಭೆಗೆ ಬರಬೇಕು. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸಿ. 1906 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಅಡುಗೆಮನೆಯ ಬಾಗಿಲ ಹೊರಗೆ ಅಂಟಿಸಿ. ಒಳಗೆ ಅಂಟಿಸಿದರೆ ಬೇಕಾದ ಹೊತ್ತಿಗೆ ಓದಲು ಆಗುವುದಿಲ್ಲ. ದಿನಾಂಕ ಮುಗಿದ ಟ್ಯೂಬುಗಳ ಪಟ್ಟಿಯನ್ನು ನಡಾವಳಿಯಲ್ಲಿ ಬರೆದು, ಎಲ್ಲರೂ ಸೇರಿ ಒಂದೇ ದಿನ ಏಜೆನ್ಸಿಗೆ ಹೋಗಿ.

ಮನೆ ಬಾಡಿಗೆಯದ್ದು ಇರಬಹುದು. ಅದರೊಳಗೆ ಮಲಗುವ ಮಕ್ಕಳು ನಮ್ಮವರೇ.